ಮುಖವಾಡಕ್ಕೆ ಮೈ ಇಲ್ಲವೇ?

ಇಂಗ್ಲೆಂಡು, ಅಮೆರಿಕಗಳ ಹೈಸ್ಕೂಲು ಚಿತ್ರಕಲೆ ತರಗತಿಗಳಲ್ಲಿ ‘ಆಫ್ರಿಕದ ಮುಖವಾಡ’ ಎಂಬ ಪಾಠ ಬಹಳ ವರ್ಷಗಳಿಂದ ನಡೆದುಬಂದಿದೆ. ಮೊದಲು ಪಿಕಾಸೊನ ಚಿತ್ರ ತೋರಿಸುತ್ತಾರೆ. ಆಮೇಲೆ ನಾಲ್ಕಾರು ಮುಖವಾಡಗಳ ಫೋಟೊ. ಮಕ್ಕಳು ರಟ್ಟು ಕತ್ತರಿಸಿ, ಬಣ್ಣ ಬಳಿದು, ನಾರು ಅಂಟಿಸಿ ಗೋಡೆಗೆ ತೂಗುಹಾಕುತ್ತಾರೆ. ಎಡಬಲ ಸಮ ಬಂದರೆ ಒಳ್ಳೆ ಮಾರ್ಕು. ಪ್ರಪಂಚದ ಸಂಸ್ಕೃತಿ ಕಲಿತಾಯಿತು!

ಮಕ್ಕಳು ಕೈ ಕೊಳೆ ಮಾಡಿಕೊಂಡು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ. ಉರುಹೊಡೆಯುವುದಕ್ಕಿಂತ ಅದು ಸಾವಿರ ಪಾಲು ಮೇಲು. ನಮ್ಮ ತಕರಾರು ಆ ಫೋಟೊ ಬಗ್ಗೆ. ಅದರಲ್ಲಿ ಬರೀ ಮುಖ ಇರುತ್ತದೆ. ಮೈ ಎಲ್ಲಿ ಹೋಯಿತು?

ಸಿಯೆರಾ ಲಿಯೋನಿನ ಮೆಂಡೆ ಜನರ ಸೊವೆಯ್ ಮುಖವಾಡ ನೋಡಿ. ಕಪ್ಪು ಬಣ್ಣ ಹಿಡಿಸಿದ ಮರದ್ದು, ಗಡಿಗೆಯ ಹಾಗೆ ತಲೆಗೆ ಬೋರಲು ಹಾಕಿಕೊಳ್ಳುವಂಥದು. ಕೆತ್ತುವವರು ಗಂಡಸರು, ತೊಟ್ಟು ಕುಣಿಯುವವರು ಹೆಂಗಸರು. ಮೈತುಂಬ ಕರಿ ನಾರಿನ ಉಡುಗೆ. ಸಾಂದೆ ಎಂಬ ಹೆಂಗಸರ ಸಂಘ ಹುಡುಗಿಯರಿಗೆ ದೀಕ್ಷೆ ಕೊಡುವಾಗ ಇದು ಹೊರಬರುತ್ತದೆ. ಆ ದೀಕ್ಷೆಯಲ್ಲಿ ಹುಡುಗಿಯರ ಜನನಾಂಗ ಕೊಯ್ಯುವ ಪದ್ಧತಿಯೂ ಉಂಟು. ಅದು ನಿಲ್ಲಬೇಕು ಅಂತ ಅಲ್ಲಿನ ಹೆಂಗಸರೇ ಎದ್ದು ನಿಂತಿದ್ದಾರೆ. ಹೆಮ್ಮೆ, ನೋವು, ಜಗಳ ಎಲ್ಲ ತುಂಬಿಕೊಂಡಿರುವ ವಸ್ತುವನ್ನು ಅಲಂಕಾರ ಅಂತ ಕರೆದರೆ ಹೇಗೆ ಸ್ವಾಮಿ?

ಪಿಕಾಸೊ 1907ರಲ್ಲಿ ಪ್ಯಾರಿಸಿನ ಟ್ರೊಕಾಡೆರೊ ಮ್ಯೂಸಿಯಮ್ಮಿನಲ್ಲಿ ಆಫ್ರಿಕದ ಮುಖವಾಡಗಳನ್ನು ಕಂಡ. ಪಾಠದಲ್ಲಿ ಅವನಿಗೆ ಹೆಸರಿದೆ, ಇಸವಿ ಇದೆ, ಕ್ಯೂಬಿಸಂ ಎಂಬ ಪಂಥವಿದೆ. ಕೆತ್ತಿದವನಿಗೆ ‘ಬುಡಕಟ್ಟು’ ಅಂತ ಒಂದು ಚೀಟಿ. ಅವನಿಗೇನು ಹೆಸರಿರಲಿಲ್ಲವೇ?

ಇತ್ತು. ನೈಜೀರಿಯದ ಯೊರುಬಾ ನಾಡಿನಲ್ಲಿ ಇಸೆ ಊರಿನ ಒಲೊವೆ ಎಂಬ ಕೆತ್ತನೆಗಾರನಿದ್ದ. ಇಕೆರೆ ಅರಮನೆಗೆ ಅವನು ಕೆತ್ತಿದ ಬಾಗಿಲು 1924ರಲ್ಲಿ ಲಂಡನ್ನಿನ ವೆಂಬ್ಲಿ ವಸ್ತುಪ್ರದರ್ಶನಕ್ಕೆ ಹೋಯಿತು. ಬ್ರಿಟಿಷ್ ಮ್ಯೂಸಿಯಂ ಅದನ್ನು ಬಿಡಲಿಲ್ಲ; ಬದಲಿಗೆ ಅರಸನಿಗೆ ಇಂಗ್ಲೆಂಡಿನಲ್ಲಿ ಮಾಡಿಸಿದ ಒಂದು ಸಿಂಹಾಸನ ಕೊಟ್ಟಿತು. ಕೆತ್ತಿದವನು ಯಾರು ಅಂತ ಆಗ ಅವರಿಗೆ ಗೊತ್ತಿರಲಿಲ್ಲ. ಒಲೊವೆ 1938ರಲ್ಲಿ ತೀರಿಕೊಂಡ. ಅರ್ಧ ಶತಮಾನ ಕಳೆದ ಮೇಲೆ, 1988ರಲ್ಲಿ, ಅವನ ಹೆಂಡತಿ ಒಲೊಜು ಇಫುನ್ ಅವನ ಮೇಲಿನ ಹೊಗಳಿಕೆ ಹಾಡನ್ನು ಬಾಯಲ್ಲೇ ಹೇಳಿ ಬರೆಸಿದಳು. ಮ್ಯೂಸಿಯಮ್ಮಿನ ಚೀಟಿಯಲ್ಲಿ ಇಲ್ಲದ್ದು ಮನೆಯಾಕೆಯ ನಾಲಗೆಯ ಮೇಲಿತ್ತು.

ಆ ಬಾಗಿಲಲ್ಲಿ ಏನಿದೆ ಗೊತ್ತೆ? ಒಂದು ಕಡೆ ಕೂತ ಅರಸ. ಇನ್ನೊಂದು ಕಡೆ ಬಿಳಿಯ ಅಧಿಕಾರಿ ಬರುತ್ತಿದ್ದಾನೆ, ಆಳುಗಳು ಹೊತ್ತ ಡೋಲಿಯಲ್ಲಿ. ಒಲೊವೆ ದೊರೆಯನ್ನೂ ಕೆತ್ತಿದ, ಹೊತ್ತವರನ್ನೂ ಕೆತ್ತಿದ. ಪಲ್ಲಕ್ಕಿ ಯಾರ ಹೆಗಲ ಮೇಲೆ ಸಾಗುತ್ತದೆಂದು ಗೊತ್ತಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳಿ ಶಾಲೆಗಳಲ್ಲಿರುವ ನಮ್ಮ ಮೇಷ್ಟ್ರು ಗೆಳೆಯರು ಮುಖವಾಡದ ಪಾಠ ಮಾಡುವುದಾದರೆ ಮಾಡಲಿ, ಕುಣಿಯುವವಳ ಚಿತ್ರ ಪೂರ್ತಿ ತೋರಿಸಿ ಮಾಡಲಿ. ಆದರೆ ಒಮ್ಮೆ ಈ ಬಾಗಿಲನ್ನೂ ಮಾಡಿಸಿ ನೋಡಿ. ತಮ್ಮೂರಿಗೆ ಯಾರು ಹೇಗೆ ಬಂದರು, ಯಾರು ಹೊತ್ತರು, ಯಾರು ಕೂತೇ ಇದ್ದರು ಎಂದು ಮಕ್ಕಳೇ ಮನೆಯಲ್ಲಿ ಕೇಳಿಕೊಂಡು ಬಂದು ಬರೆಯಲಿ. ಮರ, ಉಳಿ ಬೇಕಿಲ್ಲ. ಹಳೇ ರಟ್ಟು, ಇದ್ದಿಲು ಸಾಕು.