ಹೂವನ್ನು ಮೊದಲು ನೋಡಿ, ಜೇನನ್ನು ಆಮೇಲೆ

ಜೇನು ಅಂದಕೂಡಲೇ ನಮಗೆ ಹುಟ್ಟು, ತುಪ್ಪ, ಅಟ್ಟಿಸಿಕೊಂಡು ಬರುವ ಹೆಜ್ಜೇನು ನೆನಪಾಗುತ್ತವೆ. ಅರಿಜೋನಾದ ಮರುಭೂಮಿಯಲ್ಲಿ ಜೇನು ನೋಡಲು ಹೊರಟವರು ಇದನ್ನೆಲ್ಲ ಮರೆಯಬೇಕು. ಅಲ್ಲಿನ ಮೂಲದ ಜೇನುಗಳಲ್ಲಿ ಬಹುಪಾಲು ಒಂಟಿ ಬಾಳಿನವು. ಹೆಣ್ಣು ತಾನೇ ಬಿಲ ತೋಡಿ, ಪರಾಗದ ಉಂಡೆ ಕಟ್ಟಿ, ಅದರ ಮೇಲೆ ಮೊಟ್ಟೆಯಿಟ್ಟು ಮುಚ್ಚಿಬಿಡುತ್ತದೆ. ಮೆಕ್ಸಿಕೋ ಗಡಿಯ ಸ್ಯಾನ್ ಬರ್ನಾರ್ಡಿನೋ ಕಣಿವೆಯ ಬರೀ 16 ಚದರ ಕಿಲೋಮೀಟರಿನಲ್ಲಿ 497 ಜಾತಿಯ ಜೇನುಗಳು ಸಿಕ್ಕಿವೆ. ಇಷ್ಟೊಂದು ಜಾತಿಗಳಲ್ಲಿ ಗುರುತು ಹಿಡಿಯಲು ಶುರು ಮಾಡುವುದು ಎಲ್ಲಿಂದ? ಹೂವಿನಿಂದ.

ವಸಂತದಲ್ಲಿ ರಸ್ತೆ ಬದಿಯಲ್ಲೆಲ್ಲ ಕಿತ್ತಳೆ ಬಣ್ಣದ ಗ್ಲೋಬ್‌ಮ್ಯಾಲೋ ಅರಳುತ್ತದೆ. ನಮ್ಮ ದಾಸವಾಳದ ಬಳಗದ್ದೇ ಗಿಡ. ಉಣ್ಣೆ ಹೊದ್ದಂಥ ಜೇನೊಂದು ಅದರೊಳಗೆ ಹೊರಳಾಡುತ್ತಿದ್ದರೆ ಅದು ಡಯಡೇಸಿಯಾ ಕುಲದ್ದಿರಬಹುದು. ಸೂರ್ಯ ಏರುವ ಮೊದಲೇ ಹೋದರೆ ಗಂಡುಗಳು ಹೂವಿನೊಳಗೆ ಮುದುಡಿ ಮಲಗಿರುವುದನ್ನೂ ಕಾಣಬಹುದು. ಆ ನೋಟಕ್ಕಾಗಿ ನಿದ್ದೆಗೆಡುವುದು ಸಾರ್ಥಕ.

ಇನ್ನು ಪರ್ಡಿಟಾ. ಆರುನೂರಕ್ಕೂ ಹೆಚ್ಚು ಜಾತಿಗಳಿರುವ ಈ ಕುಲದಲ್ಲೇ ಉತ್ತರ ಅಮೆರಿಕದ ಅತಿ ಚಿಕ್ಕ ಜೇನೂ ಇದೆ: ಪರ್ಡಿಟಾ ಮಿನಿಮಾ, ಸುಮಾರು 2 ಮಿಲಿಮೀಟರ್, ಸಾಸಿವೆ ಕಾಳಿನಷ್ಟು. ನೆಲಕ್ಕಂಟಿ ಹರಡುವ, ಮುರಿದರೆ ಹಾಲು ಒಸರುವ ಪುಟ್ಟ ಗಿಡಗಳೇ ಇದರ ಹಿತ್ತಲು. ಬೇಸಿಗೆಯ ಬಿಸಿಲಲ್ಲಿ ಅಂಥ ಗಿಡದ ಮುಂದೆ ಮಂಡಿಯೂರಿ ಕೂತು, ಹುಳುವನ್ನಲ್ಲ, ಮರಳ ಮೇಲೆ ಓಡಾಡುವ ನೆರಳನ್ನು ಹುಡುಕಿ. ಕಣ್ಣಿಗೆ ಮೊದಲು ಬೀಳುವುದು ನೆರಳೇ.

ಕಂಡದ್ದೆಲ್ಲ ಜೇನಲ್ಲ. ಎರಡೇ ರೆಕ್ಕೆ, ಮೋಟು ಮೀಸೆ, ತಲೆ ತುಂಬ ಕಣ್ಣು ಇದ್ದರೆ ಅದು ನೊಣ. ಜೇನಿಗೆ ನಾಲ್ಕು ರೆಕ್ಕೆ. ಜೇನೆಂದು ಖಚಿತವಾದ ಮೇಲೆ, ಹೆಣ್ಣು ಪರಾಗವನ್ನು ಎಲ್ಲಿ ಹೊತ್ತಿದೆ ನೋಡಿ. ನನ್ನ ಮಟ್ಟಿಗೆ ಮೈಬಣ್ಣಕ್ಕಿಂತ ಇದು ನಂಬಿಗಸ್ತ ಗುರುತು. ಹೊಟ್ಟೆಯ ಅಡಿಯಲ್ಲಿ ಹಳದಿ ಪುಡಿ ಮೆತ್ತಿದ್ದರೆ ಎಲೆ ಕತ್ತರಿಸುವ ಜೇನಿನ ಬಳಗ. ಹಿಂಗಾಲಿನ ದಟ್ಟ ಕೂದಲಲ್ಲಿ ಒಣ ಪುಡಿ ತುಂಬಿದ್ದರೆ ಡಯಡೇಸಿಯಾ ಇರಬಹುದು. ಪರ್ಡಿಟಾ ಮಾತ್ರ ಪರಾಗವನ್ನು ಮಕರಂದದಲ್ಲಿ ಕಲಸಿ, ಒದ್ದೆ ಉಂಡೆಯಾಗಿ ಕಾಲಿಗೆ ಅಂಟಿಸಿಕೊಳ್ಳುತ್ತದೆ. ಪಚ್ಚೆಯಂತೆ ಹೊಳೆಯುವ ತಲೆ, ಎದೆ, ಹಿಂದೆ ಹಳದಿ-ಕಪ್ಪು ಪಟ್ಟಿಯ ಹೊಟ್ಟೆ ಕಂಡರೆ ಅದು ಅಗಪೋಸ್ಟೆಮಾನ್ ಕುಲದ ಗಂಡು.

ಫೋಟೋ ತೆಗೆಯುವಾಗ ಹುಳುವಿನ ಜೊತೆ ಹೂವೂ ಗಿಡವೂ ಬರಲಿ. ಜಾತಿಯ ಹೆಸರು ಸಿಗದಿದ್ದರೆ ಕುಗ್ಗಬೇಡಿ. ಪರ್ಡಿಟಾದಲ್ಲಿ ಅದಕ್ಕೆ ಸೂಕ್ಷ್ಮದರ್ಶಕವೇ ಬೇಕಾಗುತ್ತದೆ. ಕುಲ ತಿಳಿದರೆ ಸಾಕು.

ಮಳೆ ಕೈಕೊಟ್ಟ ವರ್ಷ ಹೂವೂ ಇಲ್ಲ, ಜೇನೂ ಇಲ್ಲ ಅನ್ನಿಸಬಹುದು. ಆದರೆ ಹಿಂದೆ ಪರ್ಡಿಟಾ ಕುಲದಲ್ಲೇ ಎಣಿಸುತ್ತಿದ್ದ ಮ್ಯಾಕ್ರೋಟೆರಾ ಪೋರ್ಟಾಲಿಸ್ ಎಂಬ ಜಾತಿಯ ಮರಿಹುಳುಗಳು ಮಳೆಗೆ ಕಾಯುತ್ತ ವರ್ಷಕ್ಕೂ ಮೀರಿ ಮಣ್ಣಿನಡಿ ಉಳಿಯಬಲ್ಲವು. ಹಾಗಾಗಿ ಬರಿದಾಗಿ ಕಂಡ ಬಯಲಲ್ಲೂ ದಾರಿ ಬಿಟ್ಟು ನಡೆಯಬೇಡಿ, ಗಾಡಿ ಓಡಿಸಬೇಡಿ. ಮಳೆ ಬಿದ್ದ ವರ್ಷ ಅದೇ ಜಾಗಕ್ಕೆ ಮತ್ತೆ ಹೋಗಿ.