ಹೋಗುವವರ ಹಾಡು, ಬರುವವರ ಕಿವಿ

ಮಿಂಡೆಲೊ ಪಟ್ಟಣದ ಸಣ್ಣ ಹೋಟೆಲೊಂದರಲ್ಲಿ ರಾತ್ರಿಯೂಟದ ಹೊತ್ತು. ಮೂಲೆಯಲ್ಲಿ ಒಬ್ಬರು ಗಿಟಾರ್, ಇನ್ನೊಬ್ಬರು ನಾಲ್ಕು ತಂತಿಯ ಪುಟ್ಟ ಕವಾಕಿನ್ಯೊ ಹಿಡಿದು ಕೂತಿದ್ದರು. ಐವತ್ತು ದಾಟಿದ ಹೆಂಗಸೊಬ್ಬರು ಮೈಕಿಲ್ಲದೆ ಹಾಡುತ್ತಿದ್ದರು. ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಯುರೋಪಿನ ಪ್ರವಾಸಿಗರು, ಅವರ ನಡುವೆ ನಾನು. 'ಸೊಡಾಡೆ' ಎಂಬ ಪದ ಬಂದಾಗಲೆಲ್ಲ ನಾವು ಕಣ್ಣು ಮುಚ್ಚಿ ತಲೆದೂಗುತ್ತಿದ್ದೆವು. ಆ ಹಾಡಿನಲ್ಲಿ ನಮಗೆ ಗೊತ್ತಿದ್ದದ್ದು ಅದೊಂದೇ ಪದ. ತಟ್ಟೆ ಎತ್ತಲು ಬಂದ ಹುಡುಗನಿಗೆ ಮಾತ್ರ ಇಡೀ ಹಾಡು ಬಾಯಿಪಾಠವಾಗಿತ್ತು. ದನಿ ತೆಗೆಯದೆ, ತುಟಿಯಲ್ಲೇ ಹಾಡಿಕೊಳ್ಳುತ್ತ ಅವನು ತನ್ನ ಕೆಲಸ ಮಾಡುತ್ತಿದ್ದ.

ಸಂಗೀತ ಕೇಳಲೆಂದೇ ಪುಟ್ಟ ದೇಶಗಳಿಗೆ ಹೋಗುವವರು ಈಗ ಕಡಿಮೆಯೇನಿಲ್ಲ. ಅಂಥವರ ಪಟ್ಟಿಯಲ್ಲಿ ಕೇಪ್ ವರ್ಡೆ ದೊಡ್ಡ ಹೆಸರು. ಸೆನೆಗಲ್ ಕರಾವಳಿಯಿಂದ ಸುಮಾರು 600 ಕಿಲೋಮೀಟರ್ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ನಡುವೆ ಹತ್ತು ದ್ವೀಪಗಳು; ಜನಸಂಖ್ಯೆ ಸುಮಾರು 5 ಲಕ್ಷ, ಹೆಚ್ಚುಕಡಿಮೆ ನಮ್ಮ ಕಲಬುರಗಿ ನಗರದಷ್ಟು. ಅಲ್ಲಿನ 2000 ಎಸ್ಕುಡೊ ನೋಟಿನ ಮೇಲೆ ಗಾಯಕಿ ಸೆಸಾರಿಯಾ ಎವೋರಾ ಇದ್ದಾರೆ. ಮಿಂಡೆಲೊ ಇರುವ ಸಾವೊ ವಿಸೆಂಟೆ ದ್ವೀಪದ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ಅವರು ಹಾಡುತ್ತಿದ್ದ ಮೊರ್ನಾ ಎಂಬ ನಿಧಾನಗತಿಯ ಹಾಡಿನ ಪ್ರಕಾರವನ್ನು ಯುನೆಸ್ಕೊ 2019ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು.

ಇಂಥ ಊರಿಗೆ ಹೋಗುವ ಓದಿದ ಪ್ರವಾಸಿಗರ ತಲೆಯಲ್ಲಿ ಒಂದು ತಕ್ಕಡಿ ಇರುತ್ತದೆ. ಜನ ತಮಗಾಗಿ ಹಾಡಿಕೊಳ್ಳುವುದು ಅಸಲಿ, ಹೊರಗಿನವರಿಗೆಂದು ಹಾಡುವುದು ನಕಲಿ. ನಾನೂ ಆ ತಕ್ಕಡಿ ಹಿಡಿದುಕೊಂಡೇ ಹೋಗಿದ್ದೆ. ಹೋಟೆಲಿನ ಮೇಜುಗಳನ್ನು ನೋಡಿ ಮೊದಲ ದಿನವೇ ಮುಖ ಸಿಂಡರಿಸಿದ್ದೆ ಕೂಡ. ಆದರೆ ಮಿಂಡೆಲೊದ ಚರಿತ್ರೆ ಆ ತಕ್ಕಡಿಗೆ ಹೊಂದುವುದಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಅಟ್ಲಾಂಟಿಕ್ ದಾಟುವ ಹಡಗುಗಳಿಗೆ ಕಲ್ಲಿದ್ದಲು ತುಂಬಿಸಲು ಬ್ರಿಟಿಷ್ ಕಂಪನಿಗಳು ಇಲ್ಲಿನ ಬಂದರನ್ನು ಬಳಸಿಕೊಂಡವು. ಮಿಂಡೆಲೊ ಬೆಳೆದದ್ದೇ ಆ ಕಲ್ಲಿದ್ದಲಿನಿಂದ. ಹಡಗು ನಿಂತಾಗ ನಾವಿಕರು ಇಳಿದರು, ಅವರಿಗಾಗಿ ಬಾರುಗಳು ಹುಟ್ಟಿದವು, ಬಾರುಗಳಲ್ಲಿ ಹಾಡು ಬೇಕಾಯಿತು. ಇಲ್ಲಿನ ವಾಗ್ಗೇಯಕಾರ ಬಿ. ಲೆಜಾ (1905–1958) ಬ್ರೆಜಿಲ್ ಸಂಗೀತದಿಂದ ಅರ್ಧಸ್ವರದ ಜಾರುಗಳನ್ನು ಪಡೆದು ಮೊರ್ನಾಕ್ಕೆ ಸೇರಿಸಿದರು. ಇಂದು ನಮಗೆ 'ಅಪ್ಪಟ ಕೇಪ್ ವರ್ಡೆ' ಎಂದು ಕೇಳಿಸುವ ತಿರುವುಗಳಲ್ಲಿ ಅವೂ ಸೇರಿವೆ. ಸೆಸಾರಿಯಾ ಕೂಡ ಎಳೆಯ ವಯಸ್ಸಿನಲ್ಲಿ ಹಾಡಿದ್ದು ಬಂದರಿನ ಬಾರುಗಳಲ್ಲಿ, ನಿಂತ ಹಡಗುಗಳ ಮೇಲೆ. ಈ ಹಾಡು ಬಂದುಹೋಗುವವರ ಎದುರಿಗೇ ಬೆಳೆದದ್ದು. ಹೊರಗಿನವನು ಕೂತು ಕೇಳಿದ ಮಾತ್ರಕ್ಕೆ ಅದು ಕೆಡುವುದಾಗಿದ್ದರೆ ಎಂದೋ ಕೆಟ್ಟಿರುತ್ತಿತ್ತು.

ಹಾಗಿದ್ದರೆ ಅಂದು ರಾತ್ರಿ ನನ್ನನ್ನು ಕಸಿವಿಸಿಗೊಳಿಸಿದ್ದು ಏನು? ಅದಕ್ಕೆ 'ಸೊಡಾಡೆ' ಹಾಡಿನ ಹುಟ್ಟನ್ನೇ ನೋಡಬೇಕು. ಸಾವೊ ನಿಕೊಲಾವ್ ದ್ವೀಪದ ಅರ್ಮಾಂದೊ ಝೆಫೆರಿನೊ ಸೊವಾರೆಸ್ 1950ರ ದಶಕದಲ್ಲಿ ಕಟ್ಟಿದ ಹಾಡು ಅದು. ಸಾವೊ ಟೊಮೆಗೆ ಹೊರಟವರನ್ನು ಬೀಳ್ಕೊಡುವಾಗಿನ ಹಾಡು. ಸಾವೊ ಟೊಮೆ ಎಂದರೆ ಪೋರ್ಚುಗೀಸರ ಕೋಕೋ ತೋಟಗಳ ದ್ವೀಪ. ಮಳೆ ಕೈಕೊಟ್ಟು, 1940ರ ದಶಕದ ಕ್ಷಾಮಗಳಲ್ಲಿ ಸಾವಿರಾರು ಜನ ಸತ್ತ ದ್ವೀಪಗಳಿಂದ, ಬದುಕುವ ದಾರಿ ಕಾಣದವರು ಕರಾರಿಗೆ ಹೆಬ್ಬೆಟ್ಟೊತ್ತಿ ಆ ತೋಟಗಳಿಗೆ ಹೋದರು. ಮರಳಿ ಬರುವ ಖಾತ್ರಿ ಇರಲಿಲ್ಲ. 1992ರಲ್ಲಿ ಸೆಸಾರಿಯಾ 'ಮಿಸ್ ಪರ್ಫುಮಾದೊ' ಆಲ್ಬಮ್ಮಿನಲ್ಲಿ ಅದನ್ನು ಹಾಡಿದ ಮೇಲೆ ಹಾಡು ಲೋಕವನ್ನೆಲ್ಲ ಸುತ್ತಿತು. ಸುತ್ತುವಾಗ ಕೋಕೋ ತೋಟ ಉದುರಿಹೋಯಿತು, ಕರಾರು ಉದುರಿತು, ಕ್ಷಾಮ ಉದುರಿತು. ವಿಮಾನ ಹತ್ತಿ ಬಂದ ನಮ್ಮ ಕೈಗೆ ಉಳಿದದ್ದು ಹಿತವಾದ ಒಂದು ಹಳಹಳಿಕೆ.

ಹಾಡು ಹೋಗುವವರದು, ಕೇಳುವವರು ಬರುವವರು. ನನ್ನ ಚೀಲದಲ್ಲಿ ಹಿಂತಿರುಗುವ ಟಿಕೆಟ್ ಇತ್ತು. ಇಂದಿಗೂ ಆ ದೇಶದ ಜನ ಒಳಗಿರುವುದಕ್ಕಿಂತ ಹೊರಗೇ ಹೆಚ್ಚು ಎಂದು ಅಂದಾಜು: ಬಾಸ್ಟನ್ ಸುತ್ತಮುತ್ತ, ಲಿಸ್ಬನ್, ರೋಟರ್‌ಡ್ಯಾಮ್. ಮನೆಯಿಂದ ಯಾರೋ ಒಬ್ಬರು ಸಮುದ್ರದಾಚೆ ಇರುವುದು ಅಲ್ಲಿ ದಿನನಿತ್ಯದ ಸಂಗತಿ. ಪ್ರವಾಸಿಗೆ 'ಸೊಡಾಡೆ' ಒಂದು ಭಾವ. ತಟ್ಟೆ ಎತ್ತುವ ಹುಡುಗನಿಗೆ ಅದು ಅಣ್ಣನೋ ಅಕ್ಕನೋ ಇರುವ ಊರಾಗಿರಬಹುದು, ವೀಸಾದ ಅರ್ಜಿಯಾಗಿರಬಹುದು.

ಇನ್ನೊಂದು ಮಾತು. ನಾವು ಈ ದುಃಖವನ್ನು ಹುಡುಕಿಕೊಂಡು ಹೋಗುವ ಭರದಲ್ಲಿ ಅಲ್ಲಿನ ಬೇರೆ ಸಂಗೀತಕ್ಕೆ ಕಿವುಡಾಗುತ್ತೇವೆ. ಸಾಂಟಿಯಾಗೊ ದ್ವೀಪದಲ್ಲಿ ಫುನಾನಾ ಇದೆ. ಅಕಾರ್ಡಿಯನ್ನಿನ ಜತೆಗೆ ಕಬ್ಬಿಣದ ಪಟ್ಟಿಯನ್ನು ಚಾಕುವಿನಿಂದ ಗೀರಿ ತಾಳ ಹಾಕುವ ಹುರುಪಿನ ಕುಣಿತದ ಸಂಗೀತ. ಹೆಂಗಸರು ವೃತ್ತವಾಗಿ ಕೂತು, ತೊಡೆಯ ನಡುವೆ ಬಟ್ಟೆಯ ಗಂಟು ಇಟ್ಟುಕೊಂಡು ಬಡಿಯುತ್ತ ಹಾಡುವ ಬಟುಕೆ ಇದೆ. ವಸಾಹತು ಆಡಳಿತ ಮತ್ತು ಚರ್ಚು ಇವನ್ನು ಅಸಭ್ಯವೆಂದು ಹತ್ತಿಕ್ಕಿದ್ದವು. 1975ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಬುಲಿಮುಂದೊ ತಂಡದವರು ಫುನಾನಾವನ್ನು ಎಲೆಕ್ಟ್ರಿಕ್ ಗಿಟಾರಿನೊಂದಿಗೆ ವೇದಿಕೆಗೆ ತಂದರು. ಅಲ್ಲಿನ 1000 ಎಸ್ಕುಡೊ ನೋಟಿನ ಮೇಲಿರುವವರು ಫುನಾನಾದ ಕೊಡೆ ಡಿ ಡೋನಾ. ಆ ದೇಶ ತನ್ನ ಎರಡು ನೋಟುಗಳಲ್ಲಿ ಎರಡು ದನಿಗಳನ್ನು ಅಚ್ಚು ಹಾಕಿಸಿದೆ. ನಾವು ಒಂದನ್ನೇ ಜೇಬಿಗಿಳಿಸಿಕೊಂಡು ಬರುತ್ತೇವೆ.

ಹಾಗೆಂದು ಹೋಗಲೇಬಾರದು ಎನ್ನುವ ಮಡಿವಂತಿಕೆ ನನ್ನದಲ್ಲ. ಆ ರಾತ್ರಿಯ ಮೂವರಿಗೆ ನಮ್ಮ ದುಡ್ಡು ಬೇಕಿತ್ತು. ಅಂಥ ದುಡಿಮೆ ಇದ್ದರೆ ಹಾಡುವವರಾದರೂ ಊರಲ್ಲೇ ಉಳಿಯಬಹುದು. ನನ್ನ ತಕರಾರು ಕೇಳುವ ರೀತಿಯ ಬಗ್ಗೆ, ಮತ್ತು ಅದು ಮೊದಲು ತಾಗುವುದು ನನಗೇ. ನಾನು ಜನಪದ ಗೀತೆಗಳ ಮೇಲೆ ಸಂಶೋಧನೆ ಮಾಡುತ್ತಿರುವವಳು. ಬೀಸುವ ಹಾಡುಗಳಲ್ಲಿ ಬರುವ ತವರಿನ ಹಂಬಲವನ್ನು 'ಮಧುರ ನೋವು' ಎಂದು ನನ್ನ ಪ್ರಬಂಧದ ಒಂದು ಅಧ್ಯಾಯದಲ್ಲಿ ಬರೆದಿದ್ದೇನೆ. ಯಾರಿಗೆ ಮಧುರ? ನಸುಕಿನಲ್ಲಿ ಎದ್ದು ಕಲ್ಲು ತಿರುವಿದವಳಿಗಂತೂ ಇರಲಾರದು. ಅವಳು ತವರಿಗೆ ಹೋಗಬೇಕೆಂದರೆ ಗಂಡನ ಮನೆಯವರ ಅಪ್ಪಣೆ ಬೇಕಿತ್ತು. ಆ ಹಾಡುಗಳನ್ನು ಮುದ್ರಿತ ಸಂಕಲನಗಳಲ್ಲಿ ಓದುವ ನಾನೂ ಒಂದು ಬಗೆಯ ಪ್ರವಾಸಿಯೇ.

ಹಾಡು ಮುಗಿದಾಗ ನಾವು ಚಪ್ಪಾಳೆ ತಟ್ಟಿದೆವು. ಆ ಹೆಂಗಸು ನಕ್ಕು, ಕವಾಕಿನ್ಯೊದವರಿಗೆ ಏನೋ ಹೇಳಿ, ಚುರುಕು ಲಯದ ಕೊಲಾಡೆರಾ ಎತ್ತಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಮೂರ್ನಾಲ್ಕು ಜನ ಬಂದು ನಿಂತು ಪದ ಪದಕ್ಕೂ ಗೊಳ್ಳೆಂದು ನಗತೊಡಗಿದರು. ಯಾವ ಪದಕ್ಕೆ ನಗುತ್ತಿದ್ದಾರೆಂದು ನಮಗೆ ತಿಳಿಯಲಿಲ್ಲ. ಊರಿಗೆ ಬಂದು ನಾನು ಮೊದಲು ಮಾಡಿದ ಕೆಲಸ ಆ ಅಧ್ಯಾಯವನ್ನು ಮತ್ತೆ ಬಿಚ್ಚಿ ಕೂತದ್ದು.