ಸ್ವರಮೇಳಕಲಾನಿಧಿಯ ವೀಣಾಪ್ರಕರಣ: ಒಂದು ವಿಮರ್ಶೆ

ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು ೧೫೫೦ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯು ಕರ್ನಾಟಕ ಸಂಗೀತದ ಲಕ್ಷಣಗ್ರಂಥಗಳಲ್ಲಿ ಗಣ್ಯವಾದುದು. ಅದರ ಐದು ಪ್ರಕರಣಗಳಲ್ಲಿ ವೀಣಾಪ್ರಕರಣವನ್ನೇ ಗ್ರಂಥದ ಹೃದಯವೆನ್ನಬೇಕು. ಶಾಸ್ತ್ರೋಕ್ತ ಸ್ವರಗಳೆಲ್ಲವನ್ನೂ ವೀಣೆಯ ಮೆಟ್ಟಿಲುಗಳ ಮೇಲೆ ನಿಲ್ಲಿಸಲು ಸಾಧ್ಯವೇ ಎಂಬ ಕಠಿನ ಪ್ರಶ್ನೆಯನ್ನು ಆತನು ಇಲ್ಲಿ ಎದುರಿಸಿದ್ದಾನೆ.

ಪೂರ್ವಾಚಾರ್ಯರು ಒಂದು ಸ್ಥಾಯಿಯಲ್ಲಿ ಇಪ್ಪತ್ತೆರಡು ಶ್ರುತಿಗಳನ್ನು ಹೇಳಿದ್ದಾರೆ. ಅಂತರಗಾಂಧಾರಕ್ಕೂ ಚ್ಯುತಮಧ್ಯಮಗಾಂಧಾರಕ್ಕೂ ಇರುವ ಭೇದ ಒಂದೇ ಶ್ರುತಿ. ಕಾಕಲಿನಿಷಾದಕ್ಕೂ ಚ್ಯುತಷಡ್ಜನಿಷಾದಕ್ಕೂ ಅಷ್ಟೇ. ಪ್ರತಿಯೊಂದಕ್ಕೂ ಬೇರೆ ಮೆಟ್ಟಿಲನ್ನಿಟ್ಟರೆ ಅವು ಒತ್ತೊತ್ತಾಗಿ ನಿಂತು ವಾದನಕ್ಕೆ ಅಡ್ಡಿಯಾಗುತ್ತವೆ. ಆದುದರಿಂದ ಒಂದನ್ನು ಇನ್ನೊಂದರ ‘ಪ್ರತಿನಿಧಿ’ಯಾಗಿ ಗ್ರಹಿಸಬಹುದೆಂದು ರಾಮಾಮಾತ್ಯನು ವಿಧಿಸಿದನು. ಇದನ್ನು ಶ್ರುತಿಲೋಪವೆಂದು ಆಕ್ಷೇಪಿಸುವುದು ಸುಲಭ. ಮುಂದಿನ ಶತಮಾನದ ವೆಂಕಟಮಖಿಯಂತೂ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ರಾಮಾಮಾತ್ಯನನ್ನು ಕಟುವಾಗಿಯೇ ಖಂಡಿಸಿದ್ದಾನೆ. ಆದರೆ ಲಕ್ಷ್ಯವೇ ಪ್ರಧಾನವೆಂದು ಸಾರಿದವನಿಗೆ ಈ ಪ್ರತಿನಿಧಿತತ್ತ್ವವು ದೋಷವಲ್ಲ, ಭೂಷಣ.

ನಿಜವಾದ ತೊಡಕು ಇರುವುದು ಬೇರೆಡೆ. ಆತನ ಶುದ್ಧಮೇಳವೀಣೆಯ ನಾಲ್ಕು ತಂತಿಗಳು ಕ್ರಮವಾಗಿ ಸ, ಪ, ಸ, ಮ. ಆರು ಮೆಟ್ಟಿಲುಗಳು ನಾಲ್ಕು ತಂತಿಗಳಿಗೂ ಸಾಮಾನ್ಯ. ಮಧ್ಯಮದ ತಂತಿಯಲ್ಲಿ ಎರಡನೆಯ ಮೆಟ್ಟಿಲು ಪಂಚಮವನ್ನು ಕೊಡಬೇಕಾದುದರಿಂದ ಅದರ ಪ್ರಮಾಣ ೯/೮. ಪಂಚಮದ ತಂತಿಯಲ್ಲಿ ಅದೇ ಮೆಟ್ಟಿಲು ಶುದ್ಧನಿಷಾದ, ೨೭/೧೬. ಈ ಸ್ವರವೇ ಮಧ್ಯಮದ ತಂತಿಯ ನಾಲ್ಕನೆಯ ಮೆಟ್ಟಿಲಿನಲ್ಲಿಯೂ ಬರುವುದರಿಂದ ಆ ಮೆಟ್ಟಿಲು ೮೧/೬೪ ಆಗುತ್ತದೆ. ಆಗ ಪಂಚಮದ ತಂತಿಯ ಮೇಲೆ ಅಲ್ಲಿ ನಿಲ್ಲುವ ಚ್ಯುತಷಡ್ಜನಿಷಾದ ೨೪೩/೧೨೮. ಈ ನಿಷಾದವು ಮಧ್ಯಮದ ತಂತಿಯ ಆರನೆಯ ಮೆಟ್ಟಿಲಿನಲ್ಲಿ ಮೇಲಿನ ಸ್ಥಾಯಿಯಲ್ಲಿ ಮತ್ತೆ ದೊರೆಯುತ್ತದೆ. ಐದನೆಯ ಮೆಟ್ಟಿಲಾದ ಶುದ್ಧಮಧ್ಯಮದಿಂದ ಹೊರಟು ಮೂರನೆಯ, ಒಂದನೆಯ, ಆರನೆಯ ಮೆಟ್ಟಿಲುಗಳನ್ನು ಇದೇ ರೀತಿಯಲ್ಲಿ ಸಾಧಿಸಿದರೆ, ಸ್ಥಾಯಿಭೇದವನ್ನು ಬಿಟ್ಟು ನೋಡಿದಾಗ, ಅದು ೪೦೯೬/೨೧೮೭. ಒಂದೇ ಹೆಸರಿನ ಸ್ವರಕ್ಕೆ ಎರಡು ನೆಲೆ! ಇವುಗಳ ಅಂತರ ೫೩೧೪೪೧/೫೨೪೨೮೮. ಸ್ಥಾಯಿಯನ್ನು ೧೨೦೦ ಭಾಗ ಮಾಡುವ ಇಂದಿನ ಮಾನದಲ್ಲಿ ಸುಮಾರು ಇಪ್ಪತ್ತಮೂರೂವರೆ ಭಾಗ. ಹನ್ನೆರಡು ಶುದ್ಧ ಪಂಚಮಗಳನ್ನು ಏರಿದಾಗ ಏಳು ಸ್ಥಾಯಿಗಳನ್ನು ಮೀರಿ ಉಳಿಯುವ ಶೇಷವೂ ಇದೇ.

ಈ ಶೇಷವನ್ನು ಯಾವ ಜಾಣ್ಮೆಯೂ ಅಳಿಸಲಾರದು, ಹಂಚಬಹುದು ಅಷ್ಟೇ. ಚೀನದ ರಾಜಕುಮಾರ ಝೂ ಝೈಯು ೧೫೮೪ರಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುವ ಗಣಿತವನ್ನು ಪ್ರಕಟಿಸಿದನು. ಆ ಕ್ರಮದಲ್ಲಿ ಶೇಷದ ಹನ್ನೆರಡನೆಯ ಒಂದು ಪಾಲು ಪ್ರತಿಯೊಂದು ಪಂಚಮದಲ್ಲಿಯೂ ಕಡಿಮೆಯಾಗುತ್ತದೆ. ಪಂಚಮಕ್ಕೆ ತಟ್ಟುವ ನಷ್ಟ ಅತ್ಯಲ್ಪವಾದರೂ ಗಾಂಧಾರವು ೫/೪ರ ಶುದ್ಧ ನೆಲೆಗಿಂತ ಸುಮಾರು ಹದಿನಾಲ್ಕು ಭಾಗ ಮೇಲೇರುತ್ತದೆ. ಸಮಭಾಗದ ಹಾರ್ಮೋನಿಯಮ್ಮಿನ ಗಾಂಧಾರವು ತಂಬೂರಿಯ ನಾದದೊಡನೆ ಬೆರೆಯದಿರುವುದಕ್ಕೆ ಕಾರಣವಿದೇ.

ರಾಮಾಮಾತ್ಯನು ಮಾತ್ರ ತನ್ನ ಮೆಟ್ಟಿಲುಗಳನ್ನು ‘ಸ್ವಯಂಭೂ’ ಸ್ವರಗಳ ಬಲದಿಂದ ಸಮರ್ಥಿಸಲು ಹೊರಟನು. ಪ್ರತಿನಿಧಿಯನ್ನು ಧೈರ್ಯವಾಗಿ ಒಪ್ಪಿದವನು ಇಲ್ಲಿ ನಿರ್ದೋಷತೆಯನ್ನು ಬಯಸಿದ್ದು ವಿಚಿತ್ರ. ತಂತಿಯನ್ನು ಪಕ್ಕಕ್ಕೆಳೆದು ಸ್ವರವನ್ನೇರಿಸುವ ವೈಣಿಕನ ಬೆರಳು ತಗ್ಗಿದ ನಿಷಾದವನ್ನು ಸರಿಪಡಿಸಬಲ್ಲುದು. ಮೆಟ್ಟಿಲು ತಪ್ಪಿದಲ್ಲಿ ಕಿವಿಯೇ ಪ್ರಮಾಣ. ಲಕ್ಷ್ಯಪ್ರಾಧಾನ್ಯದ ಪರಮಾರ್ಥವೂ ಇದೇ ಅಲ್ಲವೇ? ಗ್ರಂಥಕಾರನು ತನ್ನ ಈ ಸೂತ್ರವನ್ನು ವೀಣಾಪ್ರಕರಣದ ಕೊನೆಯವರೆಗೂ ನಡೆಸಿದ್ದರೆ ಪ್ರತಿಪಕ್ಷಿಗಳ ಖಂಡನೆಗೆ ಅಷ್ಟು ಎಡೆಯಿರುತ್ತಿರಲಿಲ್ಲ.